ನಿಂತ ಗಾಡಿಯ ಸಂಬಳ

ಸೋಲದೇವನಹಳ್ಳಿಯಲ್ಲಿ, ಹೆಸರಘಟ್ಟ ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಟೈಲ್ಸ್ ಗೋಡೌನು ಇದೆ. ಅದರ ಗೇಟಿನ ಮುಂದಿನ ಮಣ್ಣಿನ ರಸ್ತೆ ಕೊಂಚ ಇಳಿಜಾರು. ಲಾರಿಗಳು ಅಲ್ಲಿ ಒಂದರ ಹಿಂದೊಂದು ನಿಲ್ಲುತ್ತವೆ. ಬೆಳಿಗ್ಗೆ ಹೋಗಿ ನಿಂತವನ ಸರದಿ ಮಧ್ಯಾಹ್ನ ಬರಬಹುದು, ಸಂಜೆ ಬರಬಹುದು, ಬರದೆಯೂ ಇರಬಹುದು. ಟೈಲ್ಸ್ ಪೆಟ್ಟಿಗೆಗಳನ್ನು ಕೈಯಲ್ಲೇ ಇಳಿಸಬೇಕು. ಒಂದೊಂದನ್ನೂ ಮೆಲ್ಲಗೆ ಅಲ್ಲಾಡಿಸಿ, ಒಳಗೆ ಒಡೆದ ಸದ್ದು ಬಂದರೆ ಬಿಚ್ಚಿ ನೋಡಿ, ಒಡೆದದ್ದನ್ನು ಬೇರೆ ಇಟ್ಟು, ಅದಕ್ಕೆ ಡ್ರೈವರ್ ಕೈಯಲ್ಲಿ ಸಹಿ ಹಾಕಿಸಿಕೊಳ್ಳುತ್ತಾರೆ. ಆ ಸಹಿಗಾಗಿ ಡ್ರೈವರ್ ಅಲ್ಲೇ ಇರಬೇಕು. ಊಟಕ್ಕೆ ಅಂತ ದೂರ ಹೋಗುವಂತಿಲ್ಲ, ಕಾಲು ಚಾಚಿ ನಿದ್ದೆ ಮಾಡುವಂತಿಲ್ಲ, ಏಕೆಂದರೆ ಮುಂದಿನ ಲಾರಿ ಹತ್ತು ಅಡಿ ಜರುಗಿದರೆ ನಾವೂ ಜರುಗಬೇಕು. ಜರುಗದಿದ್ದರೆ ಹಿಂದಿನವನು ಪಕ್ಕದಿಂದ ಮೂತಿ ತೂರಿಸುತ್ತಾನೆ. ನನ್ನ ಮೊದಲ ಲಾರಿ ಕೆಲಸದಲ್ಲಿ ನಾನು ಗಾಡಿ ಓಡಿಸಿದ್ದಕ್ಕಿಂತ ಅಲ್ಲಿ ಕೂತದ್ದೇ ಹೆಚ್ಚು.

ನಾನು ಬಿ.ಕಾಂ. ಮಾಡಿದವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಅದರ ಬಗ್ಗೆ ಹೆಮ್ಮೆ ಇದೆ, ಸಂಕೋಚ ಇಲ್ಲ. ನಮ್ಮ ಕಡೆಯವರಲ್ಲಿ ಡಿಗ್ರಿ ಅಂತ ಮುಗಿಸಿದವನು ನಾನೊಬ್ಬನೇ. ಅಮೃತಹಳ್ಳಿಯಲ್ಲಿ ಅಪಾರ್ಟ್‌ಮೆಂಟುಗಳು ಏಳುವ ಮುಂಚಿನಿಂದಲೂ ಇರುವ ಎರಡು ಕೋಣೆಯ ಶೀಟಿನ ಮನೆ ನಮ್ಮದು. ಅಪ್ಪ ಯಶವಂತಪುರದ ಮಂಡಿಯಲ್ಲಿ ಮೂಟೆ ಹೊತ್ತವರು. ಬೆನ್ನು ಕೈಕೊಟ್ಟ ಮೇಲೆ ಮನೆಯಲ್ಲೇ ಇದ್ದಾರೆ. ಅಮ್ಮ ಸಹಕಾರನಗರದ ಮನೆಗಳಲ್ಲಿ ಅಡುಗೆ ಮಾಡುತ್ತಾರೆ. ನಾನು ಹಗಲು ಒಂದು ಸೂಪರ್ ಮಾರ್ಕೆಟ್ಟಿನ ಬಿಲ್ಲಿಂಗ್ ಕೌಂಟರಿನಲ್ಲಿ ನಿಂತು, ಸಂಜೆ ಯಲಹಂಕದ ಕಾಲೇಜಿಗೆ ಓಡಿ, ಕಾಸ್ಟ್ ಅಕೌಂಟಿಂಗ್ ಪೇಪರಿನಲ್ಲಿ ಫೇಲಾಗಿ, ಮತ್ತೆ ಕಟ್ಟಿ ಪಾಸಾದವನು. ಬಸ್ಸಿನಲ್ಲಿ ನಿಂತೇ ಓದಿದ್ದೇನೆ. ಕರೆಂಟು ಹೋದಾಗ ಎದುರು ಅಪಾರ್ಟ್‌ಮೆಂಟಿನ ಗೇಟ್ ಲೈಟಿನ ಕೆಳಗೆ ಓದಿದ್ದೇನೆ. ವಾಚ್‌ಮನ್ ಎದ್ದು ಹೋಗು ಅಂದರೆ ಎದ್ದು ಹೋಗಿ, ಅವನು ಒಳಗೆ ಹೋದ ಮೇಲೆ ಮತ್ತೆ ಬಂದು ಕೂತಿದ್ದೇನೆ.

ಡಿಗ್ರಿ ಆದ ಮೇಲೆ ಆರ್.ಟಿ. ನಗರದ ಒಂದು ಆಫೀಸಿನಲ್ಲಿ ಲೆಕ್ಕಪತ್ರದ ಕೆಲಸ ಕೇಳಿಕೊಂಡು ಹೋದೆ. ಮೊದಲ ಕೆಲವು ತಿಂಗಳು ತರಬೇತಿ, ಸಂಬಳ ಇಲ್ಲ ಅಂದರು. ಆಮೇಲೆ ಕೊಡುವುದು ಎಷ್ಟು ಅಂತ ಕೇಳಿದೆ. ನೀರಿನ ಕ್ಯಾನ್ ಹಂಚುವ ವ್ಯಾನಿನ ಡ್ರೈವರಿಗೆ ಅದಕ್ಕಿಂತ ಹೆಚ್ಚು ಸಿಗುತ್ತಿತ್ತು. ಹಾಗಾಗಿ ವ್ಯಾನು ಓಡಿಸಿದೆ, ಆಮೇಲೆ ಹೆವಿ ಲೈಸೆನ್ಸ್ ಮಾಡಿಸಿಕೊಂಡೆ. ಅಮ್ಮ ಒಂದು ವಾರ ಸರಿಯಾಗಿ ಮಾತಾಡಲಿಲ್ಲ. ಅಪ್ಪ ಮಾತ್ರ ಚಾಪೆಯ ಮೇಲೆ ಮಲಗಿದ್ದಲ್ಲಿಂದಲೇ ಅಂದರು, “ಓಗ್ಲಿ ಬುಡು. ಬೋರ್ಡ್ ಓದಕ್ಕಾದ್ರೂ ಬತ್ತದೆ. ದಾರಿ ತಪ್ಪಾಕಿಲ್ಲ.”

ಅಪ್ಪನ ಪರಿಚಯದ ಮೇಲೆಯೇ ಯಶವಂತಪುರದ ಆ ಟ್ರಾನ್ಸ್‌ಪೋರ್ಟಿಗೆ ಹೋದದ್ದು. ಬೆರಳೆಣಿಕೆಯಷ್ಟು ಲಾರಿ, ಹಿಂದೆ ಒಂದು ಯಾರ್ಡು, ಮುಂದೆ ಶಟರ್ ಬಾಗಿಲಿನ ಆಫೀಸು. ಓನರ್ ಕೆಟ್ಟ ಮನುಷ್ಯ ಅಲ್ಲ. ಒಂದು ಕಾಲದಲ್ಲಿ ತಾನೂ ಲಾರಿ ಕೆಳಗೆ ಮಲಗಿದ್ದವನು ಅಂತ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದ. ನನ್ನ ಲೈಸೆನ್ಸ್ ತಿರುಗಿಸಿ ನೋಡಿ, ಏನು ಓದಿದ್ದೀಯ ಅಂತ ಕೇಳಿದ. ಹೇಳಿದೆ. ಒಂದು ಗಳಿಗೆ ನನ್ನ ಮುಖ ನೋಡಿ, ಬಿ.ಕಾಂ. ಆದವನು ಗೇರು ಬೇರೆ ಥರ ಹಾಕುತ್ತೀಯೇನೋ ಅಂತ ನಕ್ಕ. ಆಮೇಲೆ ಕೆಲಸದ ರೀತಿ ಹೇಳಿದ. ಟ್ರಿಪ್ಪಿಗೆ ಇಷ್ಟು, ಜೊತೆಗೆ ದಿನದ ಬ್ಯಾಟಾ, ಅಂದರೆ ಊಟ ಕಾಫಿಯ ಖರ್ಚಿಗೆ ಒಂದಿಷ್ಟು. ಹೊಸಬನಿಗೂ ಹಳಬನಿಗೂ ಒಂದೇ ರೇಟು, ನಮ್ಮಲ್ಲಿ ಭೇದ ಇಲ್ಲ ಅಂದ.

ರೇಟಿನಲ್ಲಿ ಭೇದ ಇರಲಿಲ್ಲ ನಿಜ. ಭೇದ ಇದ್ದದ್ದು ಲೋಡಿನಲ್ಲಿ. ಆ ಯಾರ್ಡಿನಿಂದ ಎರಡು ಥರದ ಮಾಲು ಹೋಗುತ್ತಿತ್ತು. ಒಂದು ಯಲಹಂಕದ ಗೋಡೌನಿಗೆ ಸೋಪಿನ ಡಬ್ಬಗಳು. ಅಲ್ಲಿ ಹೋದ ತಕ್ಷಣ ಟ್ರಾಲಿಯಲ್ಲಿ ಎಳೆದುಕೊಂಡು ಇಳಿಸಿಬಿಡುತ್ತಾರೆ. ದಿನಕ್ಕೆ ಎರಡು ಟ್ರಿಪ್ ಸಲೀಸು, ಪುಣ್ಯ ಇದ್ದರೆ ಮೂರು. ಇನ್ನೊಂದು ಸೋಲದೇವನಹಳ್ಳಿಯ ಟೈಲ್ಸು. ಅದು ದಿನಕ್ಕೆ ಒಂದು, ಅದೂ ಮುಗಿದರೆ. ಹೊಸ ಕೈಗೆ ಟೈಲ್ಸ್ ಅನ್ನುವುದು ಆ ಯಾರ್ಡಿನ ಪದ್ಧತಿ. ಯಾರೂ ಅದನ್ನು ನನಗೆ ಹೇಳಲಿಲ್ಲ, ನಾನು ಕೂತು ಕೂತು ತಿಳಿದುಕೊಂಡೆ.

ಆ ಯಾರ್ಡಿನಲ್ಲಿ ನನ್ನನ್ನು ಹತ್ತಿರ ಬಿಟ್ಟುಕೊಂಡವನು ಗದಗಿನ ಕಡೆಯ ಒಬ್ಬ ಡ್ರೈವರ್. ಐವತ್ತು ದಾಟಿದ್ದ, ಮೀಸೆಗೆ ಮಾತ್ರ ಬಣ್ಣ ಹಚ್ಚುತ್ತಿದ್ದ, ತಲೆ ಬೆಳ್ಳಗೇ ಬಿಟ್ಟಿದ್ದ. ಯಾರ್ಡಿನ ಮೂಲೆಯಲ್ಲಿ ಓನರ್ ಕೊಟ್ಟ ಒಂದು ರೂಮಿನಲ್ಲಿ ಒಬ್ಬನೇ ಇದ್ದ, ಬಾಡಿಗೆ ಇಲ್ಲ. ಬಾಯಿ ಬಿಟ್ಟರೆ ಗುವಾಹಟಿಯವರೆಗೆ ಗಾಡಿ ಹೊಡೆದ ಕತೆ. ಆ ಕತೆ ಒಂದೊಂದು ಸಲ ಒಂದೊಂದು ಥರ ಇರುತ್ತಿತ್ತು. ಒಮ್ಮೆ ಸೇತುವೆ ಮುರಿದಿತ್ತು, ಇನ್ನೊಮ್ಮೆ ಆನೆ ಬಂದಿತ್ತು. ನನ್ನನ್ನು ಡಿಗ್ರಿ ಅಂತಲೇ ಕರೆಯುತ್ತಿದ್ದ. ಗಾಡಿ ಹಿಂದಕ್ಕೆ ತೆಗೆಯುವಾಗ ನಾನು ತಲೆ ಹೊರಗೆ ಹಾಕಿದರೆ, ಕುತ್ತಿಗಿ ಉದ್ದ ಮಾಡೂ ಸಲುವಾಗಿ ಕಾಲೇಜಿಗೆ ಹೋಗಿದ್ದೇನು ಅಂತ ಎಲ್ಲರ ಮುಂದೆ ಕೂಗುತ್ತಿದ್ದ. ಆದರೆ ತಾರ್ಪಾಲು ಬಿಗಿಯಲು ನನ್ನ ಬಳಿ ಹಗ್ಗ ಇಲ್ಲದಾಗ ತನ್ನದನ್ನೇ ಕೊಟ್ಟ. ಊರಿನಿಂದ ಶೇಂಗಾ ಚಟ್ನಿಪುಡಿ ಬಂದಾಗ ಕಾಗದದಲ್ಲಿ ಕಟ್ಟಿ ನನ್ನ ಸೀಟಿನ ಮೇಲೆ ಇಟ್ಟಿರುತ್ತಿದ್ದ. ಅವನು ಸೋಪಿನ ಲೋಡಿನವನು. ಸಂಜೆ ಯಾರ್ಡಿಗೆ ಮೊದಲು ಬಂದು ಸ್ನಾನ ಮಾಡಿ ಬಿಳಿ ಬನಿಯನ್ನಿನಲ್ಲಿ ಕೂತಿರುತ್ತಿದ್ದವನು ಅವನೇ.

ಟೈಲ್ಸ್ ಗೋಡೌನಿನಲ್ಲಿ ಪೆಟ್ಟಿಗೆ ಇಳಿಸುವ ಹಮಾಲರು ಒಬ್ಬ ಕಾಂಟ್ರಾಕ್ಟರನ ಕಡೆಯವರು. ಅವರಿಗೆ ಗಂಟೆ ಲೆಕ್ಕ. ಒಂದು ದಿನ ನನ್ನ ಗಾಡಿ ಖಾಲಿ ಮಾಡುತ್ತಿದ್ದ ಒಬ್ಬ ಹಮಾಲ ಬೀಡಿ ಹಚ್ಚಲು ನೆರಳಿಗೆ ಬಂದು, ನಿಮಗೆ ಗಂಟೆಗೆ ಎಷ್ಟು ಬೀಳುತ್ತದೆ ಸಾರ್ ಅಂತ ಕೇಳಿದ. ಕೆಟ್ಟ ಉದ್ದೇಶ ಇರಲಿಲ್ಲ. ತನ್ನ ಭಾಮೈದನನ್ನು ಡ್ರೈವಿಂಗ್ ಸ್ಕೂಲಿಗೆ ಸೇರಿಸುವ ಯೋಚನೆಯಲ್ಲಿದ್ದ. ನಾನು ಮನಸ್ಸಿನಲ್ಲೇ ಆ ದಿನದ ಟ್ರಿಪ್ಪಿನ ದುಡ್ಡನ್ನು, ಬೆಳಿಗ್ಗೆ ಕೀ ತೆಗೆದುಕೊಂಡಾಗಿನಿಂದ ಕಳೆದ ಹೊತ್ತಿಗೆ ಹಂಚಿ ನೋಡಿದೆ. ಸೊನ್ನೆ ತಪ್ಪಿರಬೇಕು ಅಂತ ಇನ್ನೊಮ್ಮೆ ಹಂಚಿದೆ. ನನ್ನ ಗಂಟೆ ಅವನ ಗಂಟೆಗಿಂತ ಅಗ್ಗವಾಗಿತ್ತು. ಅವನು ಇನ್ನೂ ಸಾರ್ ಅನ್ನುತ್ತಲೇ ನಿಂತಿದ್ದ. ಪರವಾಗಿಲ್ಲ, ಚೆನ್ನಾಗಿ ಬೀಳುತ್ತೆ, ಸೇರಿಸಿ ಅಂತ ಹೇಳಿ ಗಾಡಿಯ ಆ ಕಡೆಗೆ ಹೋದೆ.

ಆ ದಿನ ಮನೆಗೆ ಬಂದಾಗ ಅಮ್ಮ ಖುಷಿಯಲ್ಲಿದ್ದರು. ಅಡುಗೆ ಮಾಡುವ ಒಂದು ಮನೆಗೆ ನೆಂಟರು ಬಂದು ಒಂದು ಗಂಟೆ ಹೆಚ್ಚಿಗೆ ನಿಂತದ್ದಕ್ಕೆ ಆ ಮನೆಯಾಕೆ ಬೇರೆ ದುಡ್ಡು ಕೊಟ್ಟಿದ್ದರಂತೆ. ಕೇಳಲೇ ಇಲ್ಲ, ತಾವಾಗೇ ಕೊಟ್ಟರು ಅಂತ ಅಮ್ಮ ಎರಡೆರಡು ಸಲ ಹೇಳಿದರು. ನಾನು ಉಣ್ಣುತ್ತಾ ಕೂತಿದ್ದೆ. ಅಮ್ಮನ ಗಂಟೆಗೂ ಬೆಲೆ ಇದೆ, ಹಮಾಲನ ಗಂಟೆಗೂ ಇದೆ. ನನ್ನದು ಮಾತ್ರ ಚಕ್ರ ಉರುಳಿದಾಗ ಗಂಟೆ, ನಿಂತಾಗ ಏನೂ ಅಲ್ಲ.

ಕಾಸ್ಟ್ ಅಕೌಂಟಿಂಗಿನಲ್ಲಿ ‘ಐಡಲ್ ಟೈಮ್’ ಅಂತ ಒಂದು ಪಾಠ ಬರುತ್ತದೆ. ಕೆಲಸಗಾರ ಬಂದು ನಿಂತಿದ್ದಾನೆ, ಆದರೆ ಯಂತ್ರ ಕೆಟ್ಟಿದೆ, ಇಲ್ಲವೇ ಮಾಲು ಬಂದಿಲ್ಲ. ಅವನ ತಪ್ಪಿಲ್ಲದೆ ಕಳೆದ ಆ ಹೊತ್ತಿನ ಕೂಲಿಯನ್ನೂ ಕೆಲಸದ ಖರ್ಚಿಗೇ ಸೇರಿಸಬೇಕು. ಎರಡು ಸಲ ಆ ಪೇಪರು ಬರೆದವನು ನಾನು, ಹಾಗಾಗಿ ಚೆನ್ನಾಗಿ ನೆನಪಿತ್ತು. ಅಂದು ಪಾಸಾಗುವುದಕ್ಕೆ ಅಂತ ಉರು ಹೊಡೆದದ್ದು. ಅದು ನನ್ನ ಬಗ್ಗೆಯೇ ಬರೆದದ್ದು ಅಂತ ಗೊತ್ತಾದದ್ದು ಆ ಇಳಿಜಾರಿನಲ್ಲಿ.

ಮರುದಿನ ಓನರ್ ಒಬ್ಬನೇ ಇದ್ದಾಗ ಆಫೀಸಿನೊಳಗೆ ಹೋಗಿ ಗಂಟೆ ಲೆಕ್ಕ ಕೊಡಿ ಅಂತ ಕೇಳಿದೆ. ಕೀ ತೆಗೆದುಕೊಂಡಾಗಿನಿಂದ ಕೀ ವಾಪಸು ಕೊಡುವ ತನಕ.

ಓನರ್ ಕುಡಿಯುತ್ತಿದ್ದ ಕಾಫಿ ಕೆಳಗಿಟ್ಟ. “ನಿಂತ ಗಾಡಿಗೆ ನನಗೇ ಯಾರೂ ಬಾಡಿಗೆ ಕೊಡಲ್ಲ ಕಣೋ. ನಿನಗೆ ಎಲ್ಲಿಂದ ತಂದುಕೊಡ್ಲಿ?”

“ಗಾಡಿ ನಿಂತಿರುತ್ತೆ ಸಾರ್, ನಾನು ಕೆಲಸದಲ್ಲಿರ್ತೀನಿ. ನಾನು ಎದ್ದು ಮನೆಗೆ ಹೋದ್ರೆ ಅಲ್ಲಿ ಸಹಿ ಯಾರು ಹಾಕ್ತಾರೆ?”

ಐಡಲ್ ಟೈಮಿನ ಪಾಠವನ್ನೂ ಹೇಳಿದೆ. ಅದು ಫ್ಯಾಕ್ಟರಿಗೆ, ಲಾರಿಗಲ್ಲ ಅಂದ. ಲಾರಿಗೆ ಯಾಕಲ್ಲ ಅಂತ ಕೇಳಿದೆ. ಕೊನೆಗೆ ಅವನು ಬಗ್ಗಿದ್ದು ಪಾಠಕ್ಕಲ್ಲ. ಆ ವಾರವಷ್ಟೇ ಒಬ್ಬ ಡ್ರೈವರ್ ಬಿಟ್ಟು ಹೋಗಿದ್ದ. ನಾನೂ ಹೋದರೆ ಇನ್ನೊಂದು ಗಾಡಿ ನಿಲ್ಲುತ್ತಿತ್ತು. ಬಹಳ ಹೊತ್ತು ಕ್ಯಾಲ್ಕುಲೇಟರ್ ಒತ್ತಿ, ಒಂದು ರೇಟು ಹೇಳಿದ. ನಾನು ಕೇಳಿದ್ದಕ್ಕಿಂತ ಕಡಿಮೆ, ಆ ಹಮಾಲನ ಗಂಟೆಗಿಂತ ತುಸು ಮೇಲೆ. ಹೊಸ ಕೈ, ಕಲಿಯುತ್ತಾ ಇದ್ದೀಯ, ವರ್ಷ ಆಗಲಿ ಜಾಸ್ತಿ ಮಾಡೋಣ ಅಂದ. ಯೋಚಿಸಿ ನೋಡಿದೆ. ಮೊದಲ ಕೆಲಸಕ್ಕೆ ಅದು ನ್ಯಾಯವಾದ ಕೂಲಿ ಅಂತ ನನಗೆ ಅನ್ನಿಸಿತು. ಈಗಲೂ ಅನ್ನಿಸುತ್ತದೆ. ಬೇರೆಯವರ ಹತ್ತಿರ ಬಾಯಿ ಬಿಡಬೇಡ ಅಂತ ಮಾತ್ರ ಹೇಳಿ ಕಳಿಸಿದ.

ಮನೆಯಲ್ಲಿ ಹೇಳಿದೆ. ಅಪ್ಪ ಗೋಡೆಗೆ ಒರಗಿ ಕೂತಿದ್ದರು. ಅವರಿಗೆ ಜೀವನವಿಡೀ ಮೂಟೆ ಲೆಕ್ಕ. ಮಳೆಗೆ ಲಾರಿ ಬಾರದ ದಿನ ಮಂಡಿಯ ಕಟ್ಟೆಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕೂತು ಬರಿಗೈಯಲ್ಲಿ ಮನೆಗೆ ಬಂದದ್ದು ನನಗೂ ನೆನಪಿದೆ. “ಸುಮ್ಕೆ ಕುಂತಿದ್ರೂವೆ ಕೊಡ್ತಾರಾ?” ಅಂದರು. ಕೊಡ್ತಾರಪ್ಪ, ಇನ್ನು ಮೇಲೆ ಕೊಡ್ತಾರೆ ಅಂದೆ. ಅವರು ನಂಬಿದಂತೆ ಕಾಣಲಿಲ್ಲ. ಆಮೇಲೆ, ಯಾರಿಗೋ ಹೇಳುವ ಹಾಗೆ, ಅಂಗೆ ಕೇಳ್ಬೋದು ಅಂತ್ಲೇ ನಮಗೆ ಗೊತ್ತಿರ್ನಿಲ್ಲ ಅಂತ ಅಂದುಕೊಂಡರು. ನನಗೆ ಅಂದು ಓದಿದ್ದು ಸಾರ್ಥಕ ಅನ್ನಿಸಿತು.

ಮಾರನೆಯ ವಾರದಿಂದ ನನಗೆ ಸೋಪಿನ ಲೋಡು ಬರತೊಡಗಿತು. ಮೊದಲ ದಿನ ಅದೃಷ್ಟ ಅಂದುಕೊಂಡೆ. ಲಾರಿಗಳಿಗೆ ಬೆಳಗಿನ ನೋ ಎಂಟ್ರಿ ಶುರುವಾಗುವ ಮುಂಚೆಯೇ ಹೆಬ್ಬಾಳ ದಾಟಿ, ಯಲಹಂಕದಲ್ಲಿ ಇಳಿಸಿ, ಬಿಸಿಲೇರುವ ಹೊತ್ತಿಗೆ ಯಾರ್ಡಿಗೆ ವಾಪಸು. ಇನ್ನೊಂದು ಟ್ರಿಪ್ ಇದೆಯಾ ಅಂದರೆ ಓನರ್ ಇಲ್ಲ, ಕೀ ಕೊಟ್ಟು ಮನೆಗೆ ಹೋಗು ಅನ್ನುತ್ತಿದ್ದ. ಮಧ್ಯಾಹ್ನ ಮನೆಯಲ್ಲಿ ಕೂತು ಅಪ್ಪನ ಜೊತೆ ಊಟ ಮಾಡಿದೆ. ಅಮ್ಮನಿಗೆ ಅದು ಸರ್ಕಾರಿ ಕೆಲಸದ ಥರ ಕಂಡಿತು. ತಿಂಗಳ ಕೊನೆಗೆ ಕೈಗೆ ಬಂದದ್ದು ನೋಡಿದಾಗ ಅರ್ಥವಾಯಿತು. ಗಂಟೆಗೆ ಸರಿಯಾದ ರೇಟು ಬಂದಿತ್ತು, ಆದರೆ ಗಂಟೆಗಳೇ ಕಡಿಮೆ. ಮೊದಲು ಇಡೀ ದಿನ ಕೂತು ತರುತ್ತಿದ್ದಷ್ಟನ್ನೇ ಈಗ ಅರ್ಧ ದಿನದಲ್ಲಿ ತಂದಿದ್ದೆ. ಗಂಟೆಗೆ ದುಡ್ಡು ಕೇಳುವವನನ್ನು ಕ್ಯೂನಲ್ಲಿ ಯಾಕೆ ನಿಲ್ಲಿಸುತ್ತಾರೆ? ಕ್ಯೂಗೆ ಟ್ರಿಪ್ ಲೆಕ್ಕದವನೇ ಸರಿ. ಇಷ್ಟು ಯೋಚಿಸಿದೆ. ಆ ಟ್ರಿಪ್ ಲೆಕ್ಕದವನು ಯಾರು ಅಂತ ಯೋಚಿಸುವುದಕ್ಕೆ ಅವಕಾಶ ಸಿಗುವ ಮುಂಚೆಯೇ ನೋಡಿದೆ.

ಒಂದು ದಿನ ಓನರ್ ನನ್ನ ಕೈಯಲ್ಲಿ ಸ್ಟೆಪ್ನಿ ಟೈರ್ ಕೊಟ್ಟು ಆಟೋದಲ್ಲಿ ಸೋಲದೇವನಹಳ್ಳಿಗೆ ಕಳಿಸಿದ. ಅಲ್ಲಿ ನಮ್ಮ ಗಾಡಿಯೊಂದು ಪಂಕ್ಚರ್ ಆಗಿದೆ ಅಂದ. ಕ್ಯೂನ ನಡುವೆ ನಮ್ಮ ಗಾಡಿ. ಒಳಗೆ ಗದಗಿನವನು ಚಪ್ಪಲಿ ಬಿಚ್ಚಿ ಎರಡೂ ಕಾಲು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟು ಕೂತಿದ್ದ. ಪಾದಗಳು ಊದಿದ್ದವು. ಅವನಿಗೆ ಸಕ್ಕರೆ ಕಾಯಿಲೆ ಇರುವುದು ನನಗೆ ಗೊತ್ತಾದದ್ದು ಅಂದೇ. ನನ್ನನ್ನು ಕಂಡು ಕಾಲು ಇಳಿಸಿ, ಬಾರಪ್ಪಾ ಡಿಗ್ರಿ, ನಿನ್ನ ಸೀಟು ಬೆಚ್ಚಗ ಇಟ್ಟೀನಿ ಅಂದ.

ಇಬ್ಬರೂ ಸೇರಿ ಟೈರ್ ಬದಲಿಸಿದೆವು. ಬೋಲ್ಟು ಬಿಗಿಯುತ್ತಾ ನಾನೇ ಮಾತು ತೆಗೆದೆ. ಓನರ್ ಬಾಯಿ ಬಿಡಬೇಡ ಅಂದಿದ್ದರೂ, ನನಗೆ ಗಂಟೆ ಲೆಕ್ಕ ಮಾಡಿಕೊಟ್ಟದ್ದನ್ನು ಹೇಳಿದೆ. ನನಗೆ ಈ ಲೋಡು ತಪ್ಪಿಸಿ ನಿಮಗೆ ಹಾಕುತ್ತಾರೆ ಅಂತ ಗೊತ್ತಿರಲಿಲ್ಲ ಅಂದೆ. ನೀವೂ ಹೋಗಿ ಗಂಟೆ ಲೆಕ್ಕ ಕೇಳಿ, ನಾನೂ ಜೊತೆಗೆ ಬರುತ್ತೇನೆ, ಇಬ್ಬರೂ ಕೇಳಿದರೆ ಓನರ್ ಏನು ಮಾಡುತ್ತಾನೆ ಅಂದೆ. ಅವನು ಸ್ಪ್ಯಾನರ್ ಕೆಳಗಿಟ್ಟು ಕೈ ಒರೆಸಿಕೊಂಡ.

“ಗಂಟಿ ಲೆಕ್ಕ ಹಮಾಲಗ ಇರ್ತೈತಿ ತಮ್ಮಾ. ಡ್ರೈವರಗ ಟ್ರಿಪ್. ಇಷ್ಟ್ ವರ್ಷ ಸ್ಟೇರಿಂಗ್ ಹಿಡದು, ಈಗ ಹೋಗಿ ಗಡಿಯಾರ ತೋರಿಸಿ ರೊಕ್ಕಾ ಕೇಳ್ಲೇನು?”

“ನಮ್ಮಪ್ಪ ಹಮಾಲನೇ,” ಅಂದೆ.

ಅವನು ನನ್ನ ಮುಖ ನೋಡಿದ. ಮುಂದಿನ ಲಾರಿ ಸ್ಟಾರ್ಟ್ ಆಯಿತು. ಹತ್ತಿ ಕೂತು ಬಾಗಿಲು ಎಳೆದುಕೊಂಡು, “ಅದಕ್ಕ ನಿನಗ ಗಂಟಿ ಮ್ಯಾಲ ಅಷ್ಟು ಪ್ರೀತಿ,” ಅಂದು ಗಾಡಿ ಜರುಗಿಸಿದ.

ಬೇಕಂತಲೇ ಆಡಿದ ಮಾತು ಅದು. ನನಗೆ ಸಿಟ್ಟು ಬಂತು. ಆದರೆ ಆಟೋದಲ್ಲಿ ವಾಪಸು ಬರುವಾಗ ಆ ಊದಿದ ಪಾದಗಳೇ ಕಣ್ಣ ಮುಂದೆ ಇದ್ದವು, ಸಿಟ್ಟು ನಿಲ್ಲಲಿಲ್ಲ. ಅವನು ಬೇಡ ಅಂತ ಓನರಿಗೆ ಯಾಕೆ ಹೇಳಲಿಲ್ಲ ಅಂತ ಯೋಚಿಸಿದರೆ, ಅವನು ಮಲಗುವ ರೂಮು ಓನರನದು. ಹೇಳುವುದಕ್ಕೆ ಬಾಯಿ ಎಲ್ಲಿರುತ್ತದೆ?

ಅದಾಗಿ ಬಹಳ ದಿನ ಕಳೆಯಲಿಲ್ಲ. ಆ ಇಳಿಜಾರಿನಲ್ಲಿ ಕ್ಯೂ ನಿಲ್ಲುವ ಡ್ರೈವರುಗಳಿಗೆ ಒಂದು ಅಭ್ಯಾಸ ಇದೆ. ಪದೇ ಪದೇ ಹ್ಯಾಂಡ್‌ಬ್ರೇಕ್ ಹಾಕಿ ತೆಗೆಯುವ ಬದಲು ಕಾಲನ್ನು ಬ್ರೇಕಿನ ಮೇಲೇ ಇಟ್ಟುಕೊಂಡಿರುತ್ತಾರೆ. ಮುಂದಿನವನು ಜರುಗಿದರೆ ಕಾಲು ಎತ್ತಿದರೆ ಸಾಕು, ಇಳಿಜಾರು ತಾನೇ ಎಳೆದುಕೊಂಡು ಹೋಗುತ್ತದೆ. ಡೀಸೆಲ್ ಉಳಿಯುತ್ತದೆ, ಜಾಗವೂ ಹೋಗುವುದಿಲ್ಲ. ನಾನೂ ಹಾಗೇ ಮಾಡುತ್ತಿದ್ದೆ, ಎಲ್ಲರೂ ಹಾಗೇ ಮಾಡುತ್ತಾರೆ. ಗದಗಿನವನು ಆ ದಿನ ಬೆಳಗಿನಿಂದ ನಿಂತಿದ್ದನಂತೆ. ಮಧ್ಯಾಹ್ನದ ಬಿಸಿಲಿಗೆ ಜೊಂಪು ಹತ್ತಿ ಕಾಲು ಸಡಿಲಾಗಿದೆ. ಅವನ ಮುಂದೆ ಇದ್ದ ಲಾರಿ ಆಗಷ್ಟೇ ಒಳಗೆ ಹೋಗಿತ್ತು. ನಮ್ಮ ಗಾಡಿ ಮೆಲ್ಲಗೆ ಉರುಳಿ ಗೇಟಿನ ಕಂಬಕ್ಕೆ ಗುದ್ದಿ, ಮೇಲೆ ಕಟ್ಟಿದ್ದ ಪೆಟ್ಟಿಗೆಗಳು ಒಂದರ ಮೇಲೊಂದು ಕುಸಿದವು. ಯಾರಿಗೂ ಪೆಟ್ಟಾಗಲಿಲ್ಲ. ಮಾಲು ಮಾತ್ರ ಬಹಳ ಹೋಯಿತು. ಒಡೆದದ್ದಕ್ಕೆ ಅವನ ಕೈಯಲ್ಲೇ ಸಹಿ ಹಾಕಿಸಿದರು.

ಯಾರ್ಡಿನಲ್ಲಿ ಓನರ್ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ನಷ್ಟ ಎಷ್ಟು, ತಿಂಗಳು ತಿಂಗಳು ಸಂಬಳದಲ್ಲಿ ಎಷ್ಟು ಮುರಿದುಕೊಳ್ಳುತ್ತೇನೆ ಅಂತ ಲೆಕ್ಕ ಹೇಳಿದ, ಅಷ್ಟೇ. ಗದಗಿನವನು ನಿಂತು ಪೂರಾ ಕೇಳಿಸಿಕೊಂಡ. ಈ ತಿಂಗಳ ಸಂಬಳ ನೀವೇ ಇಟ್ಟುಕೊಳ್ಳಿ ಅಂದು ರೂಮಿಗೆ ಹೋಗಿ ಬಟ್ಟೆ ತುಂಬಿಕೊಂಡ. ನಾನು ಬಾಗಿಲಲ್ಲಿ ನಿಂತಿದ್ದೆ. ಬಸ್ ಸ್ಟ್ಯಾಂಡಿನ ತನಕ ಬರಲಾ ಅಂದೆ. ಬೇಡ ಅಂದ. ಬ್ಯಾಗು ಹೆಗಲಿಗೆ ಹಾಕಿಕೊಂಡು, ಏನೋ ನೆನಪಾದವನ ಹಾಗೆ ತಿರುಗಿದ.

“ಹಗ್ಗ ಎಲ್ಲೈತಿ ನಂದು?”

ನನ್ನ ಗಾಡಿಯಿಂದ ಬಿಚ್ಚಿ ತಂದುಕೊಟ್ಟೆ. ಮೊಳಕೈಗೆ ಸುತ್ತಿ ಸುತ್ತಿ ನೀಟಾಗಿ ಗಂಟು ಹಾಕಿ ಬ್ಯಾಗಿನೊಳಗೆ ತುರುಕಿದ. ಬ್ಯಾಗಿನ ಜಿಪ್ಪು ಹಾಕಲು ಬರಲಿಲ್ಲ, ಹಾಗೇ ತೆಗೆದುಕೊಂಡು ಹೋದ. ಅವನು ಹೋದ ಮೇಲೆ ರೂಮನ್ನು ಓನರ್ ಹಳೇ ಟೈರು ಇಡಲು ಬಳಸಿಕೊಂಡ.

ಈಗ ಟೈಲ್ಸ್ ಲೋಡಿಗೆ ಜನ ಇರಲಿಲ್ಲ. ಓನರ್ ನನ್ನನ್ನು ಕರೆದ. ಅವನು ಬಾಯಿ ತೆರೆಯುವ ಮೊದಲೇ ನಾನು ನನ್ನ ಮಾತು ಹೇಳಿದೆ. ಎಲ್ಲರಿಗೂ ಗಂಟೆ ಲೆಕ್ಕ ಮಾಡಿ, ಆಗ ಯಾರನ್ನು ಯಾವ ಲೋಡಿಗೆ ಹಾಕಿದರೂ ಯಾರಿಗೂ ಅನ್ಯಾಯ ಇಲ್ಲ, ಟೈಲ್ಸಿನವರ ಹತ್ತಿರ ನಿಂತ ಹೊತ್ತಿಗೂ ಬಾಡಿಗೆ ಕೇಳಿ ಅಂದೆ. ಅವನು ಎಲ್ಲ ಕೇಳಿ, ಹೊರಗೆ ಟೀ ಕುಡಿಯುತ್ತಿದ್ದ ಡ್ರೈವರುಗಳ ಕಡೆ ಬೆರಳು ತೋರಿಸಿದ. ಅವರನ್ನೇ ಕೇಳಿ ಬಾ, ಅವರು ಹೂಂ ಅಂದರೆ ನಾಳೆಯಿಂದಲೇ ಮಾಡುತ್ತೇನೆ ಅಂದ. ಅವರು ಏನನ್ನುತ್ತಾರೆ ಅಂತ ಅವನಿಗೆ ಗೊತ್ತಿತ್ತು.

ಹೋಗಿ ಕೇಳಿದೆ. ಒಡೆದ ಮಾಲಿನ ಸಹಿಯಿಂದ ಹಿಡಿದು ಗದಗಿನವನ ಕಾಲಿನ ತನಕ ಎಲ್ಲ ಹೇಳಿದೆ. ಸೋಪಿನ ಲೋಡಿನಲ್ಲಿದ್ದವರಿಗೆ ಟ್ರಿಪ್ ಲೆಕ್ಕವೇ ಲಾಭ, ಅದನ್ನು ಅವರು ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ. ಹೇಳಿದ್ದು ಬೇರೆ ಕಾರಣ. ಗಂಟೆ ಲೆಕ್ಕ ಅಂದರೆ ಗಾಡಿ ಯಾಕೆ ನಿಲ್ಲಿಸಿದೆ, ಟೀಗೆ ಎಷ್ಟು ಹೊತ್ತು ಅಂತ ಓನರ್ ಫೋನ್ ಮಾಡಿ ಕೇಳುತ್ತಾನೆ. ಟ್ರಿಪ್ ಅಂದರೆ ನಮ್ಮ ಗಾಡಿ, ನಮ್ಮ ರಸ್ತೆ, ಕೇಳುವವರು ಯಾರೂ ಇಲ್ಲ ಅಂದರು. ಅದು ಸುಳ್ಳೂ ಅಲ್ಲ. ಕೊನೆಗೆ ಒಬ್ಬ ನನ್ನ ಭುಜದ ಮೇಲೆ ಕೈ ಹಾಕಿ, “ಮಗಾ, ನಿನಗೆ ಓದು ಇದೆ, ನಾಳೆ ಇನ್ನೊಂದು ಕಡೆ ಹೋಗ್ತೀಯ. ನಾವು ಇಲ್ಲೇ ಇರ್ಬೇಕು,” ಅಂದ. ಟೀ ದುಡ್ಡು ಅವನೇ ಕೊಟ್ಟ.

ನಾನು ಎಲ್ಲಿಗೂ ಹೋಗುವವನಾಗಿರಲಿಲ್ಲ. ಅದನ್ನು ಅವರಿಗೆ ಹೇಗೆ ಹೇಳುವುದು?

ವಾಪಸು ಒಳಗೆ ಹೋದಾಗ ಓನರ್ ಒಂದು ದಾರಿ ಇಟ್ಟುಕೊಂಡು ಕಾಯುತ್ತಿದ್ದ. ಟೈಲ್ಸ್ ಲೋಡು ನೀನೇ ತಗೋ. ಗಾಡಿ ಓಡುವ ಹೊತ್ತಿಗೆ ಈಗಿನ ರೇಟು ಪೂರ್ತಿ, ನಿಂತ ಹೊತ್ತಿಗೆ ಅರ್ಧ. ಇದಕ್ಕಿಂತ ಮೇಲೆ ನನ್ನ ಕೈಲಿ ಆಗಲ್ಲ, ಬೇಡ ಅಂದರೆ ಟ್ರಿಪ್ಪಿಗೆ ಬರುವ ಹೊಸಬನನ್ನು ನೋಡುತ್ತೇನೆ ಅಂದ. ನಾನು ವಾದ ಮಾಡಿದೆ. ಕೂತಿರುವಾಗ ನನಗೆ ಹಸಿವು ಅರ್ಧ ಆಗುತ್ತದೆಯಾ, ಒಡೆದ ಪೆಟ್ಟಿಗೆಗೆ ಅರ್ಧ ಸಹಿ ಹಾಕಲಾ ಅಂದೆ. ನಕ್ಕ. ಅರ್ಧದಿಂದ ಮೇಲೆ ಏರಲಿಲ್ಲ. ಹಾಗಾದರೆ ಇದೇ ಲೆಕ್ಕದ ಮೇಲೆ ಗದಗಿನವರನ್ನು ವಾಪಸು ಕರೆಯಿರಿ, ನಷ್ಟ ಮುರಿಯಬೇಡಿ, ಒಂದು ದಿನ ಅವರು ಹೋಗಲಿ, ಒಂದು ದಿನ ನಾನು ಹೋಗುತ್ತೇನೆ ಅಂತ ಕೇಳಿಕೊಂಡೆ. ಓನರ್ ಹೊರಗೆ, ಟೈರು ತುಂಬಿದ ರೂಮಿನ ಕಡೆ ನೋಡಿದ. ಅವನಿಗೂ ಬೇಸರ ಆಗಿತ್ತು ಅಂತ ಕಾಣುತ್ತದೆ. ಬರುವುದಾದರೆ ಬರಲಿ, ನೀನೇ ಫೋನ್ ಮಾಡು ಅಂದ.

ಯಾರ್ಡಿನ ಹಿಂದೆ ಹೋಗಿ ಫೋನ್ ಮಾಡಿದೆ. ಅವನು ಹುಬ್ಬಳ್ಳಿ ಕಡೆ ಯಾರದೋ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ಹಿಂದೆ ಮೋಟಾರಿನ ಸದ್ದು. ಆರಾಮ ಇದ್ದೀರಾ, ಕಾಲು ಹೇಗಿದೆ ಅಂತ ಕೇಳಿದೆ. ಟ್ಯಾಂಕರಿನಲ್ಲಿ ಕಾಲು ಚಾಚಲು ಜಾಗ ಇಲ್ಲ, ಆದರೆ ಕಾಯುವುದೂ ಇಲ್ಲ ಅಂದ. ಓನರ್ ಒಪ್ಪಿದ್ದನ್ನು ಹೇಳಿದೆ. ಓಡಿದ್ದಕ್ಕೆ ಪೂರ್ತಿ, ನಿಂತದ್ದಕ್ಕೆ ಅರ್ಧ, ನಷ್ಟ ಮುರಿಯುವುದಿಲ್ಲ, ರೂಮಿನ ಟೈರುಗಳನ್ನು ನಾನೇ ಖಾಲಿ ಮಾಡಿಸುತ್ತೇನೆ. ಹಿಂದಿನ ಮೋಟಾರಿನ ಸದ್ದೂ ನಿಂತಿತು. ಲೈನ್ ಹೋಯಿತೇನೋ ಅಂತ ಹಲೋ ಅಂದೆ.

“ಕೇಳಾಕತ್ತೈತಿ,” ಅಂದ. “ನೀ ಕೆಟ್ಟ ಮಾಡ್ಬೇಕಂತ ಮಾಡಿಲ್ಲ, ನನಗ ಗೊತ್ತೈತಿ. ಆದ್ರ ಗಂಟಿ ಲೆಕ್ಕಕ್ಕ ನಾ ಬರಂಗಿಲ್ಲ. ಅದೂ ಅರ್ಧ ಗಂಟಿಗಿ.”

ಟ್ಯಾಂಕರ್ ತುಂಬಿತು ಅಂತ ಯಾರೋ ಆ ಕಡೆ ಕೂಗಿದರು. ಇಡತೀನಿ ತಮ್ಮಾ ಅಂದು ಇಟ್ಟ.

ಯಾರ್ಡಿನ ಗೋಡೆಯ ಆಚೆ ರೈಲೊಂದು ಹೋಗುವ ತನಕ ಅಲ್ಲೇ ನಿಂತಿದ್ದೆ. ಕೇಳಿದ್ದು ತಪ್ಪಲ್ಲ. ಒಂದು ಗಂಟೆ ಅಂದರೆ ಒಂದು ಗಂಟೆ, ಚಕ್ರ ಉರುಳಿದರೂ ನಿಂತರೂ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆದರೆ ಮನೆಯಲ್ಲಿ ಅಪ್ಪನ ಮಾತ್ರೆ ಮುಗಿಯುತ್ತಾ ಬಂದಿತ್ತು, ಅಮ್ಮ ಅಡುಗೆ ಮಾಡುತ್ತಿದ್ದ ಎರಡು ಮನೆಗಳಲ್ಲಿ ಒಂದು ಆ ತಿಂಗಳು ತಪ್ಪಿಹೋಗಿತ್ತು. ಇಡೀ ದಿನ ಕೂತರೆ, ಅರ್ಧ ಲೆಕ್ಕದಲ್ಲೂ, ಸೋಪಿನ ಲೋಡಿಗಿಂತ ಹೆಚ್ಚು ಸಿಗುತ್ತಿತ್ತು. ಓನರ್ ಇದನ್ನೂ ಕ್ಯಾಲ್ಕುಲೇಟರಿನಲ್ಲಿ ನೋಡಿಯೇ ಹೇಳಿರಬೇಕು.

ಒಳಗೆ ಹೋದೆ. ಅವರು ಬರಲ್ಲವಂತೆ ಅಂದೆ. ಓನರ್ ತಲೆ ಆಡಿಸಿದ. ಆಯಿತು, ಅರ್ಧಕ್ಕೆ ಒಪ್ಪಿದ್ದೇನೆ ಅಂತಲೂ ಅಂದೆ. ಅವನು ಡ್ರಾಯರಿನಿಂದ ಆ ಗಾಡಿಯ ಕೀ ತೆಗೆದು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದ. ಗುದ್ದಿದ ಬಂಪರ್ ಬಡಿದು ನೇರ ಮಾಡಿಸಿದ್ದೇನೆ, ಬಣ್ಣ ಆಮೇಲೆ ಹೊಡೆಸೋಣ ಅಂದ.

“ನಾಳೆ ಬೇಗ ಬಾ. ಕ್ಯೂ ಉದ್ದ ಇದೆಯಂತೆ.”

ಬರ್ತೀನಿ ಸಾರ್ ಅಂದೆ.